ಬೆಳಗಾವಿಯೊಳಗ ಅವ್ವನ ಆಪರೇಶನ್: ಭೂಲ್ ಕೊಡೋ ಡಾಕ್ಟ್ರ ತಪಾಸಣಿಗೆ 5 ರಾಗ 4 ಸ್ಟಾರ್

ಮೊದಲ ಹೇಳಿಬಿಡ್ತೀನಿ, ಇದು ಸರ್ಜನ್ ಬಗ್ಗೆ ರಿವ್ಯೂ ಅಲ್ಲ. ಸರ್ಜನ್ ಬಗ್ಗೆ ಎಲ್ಲಾರೂ ಬರೀತಾರ, ಕೈಗುಣ ಚಲೋ ಐತಿ, ನಕ್ಕೋಂತ ಮಾತಾಡ್ತಾರ, ದೇವ್ರಿದ್ದಂಗ ಅದಾರ ಅಂತ. ನಾ ಬರಿಯೂದು ಆಪರೇಶನ್ ಮೊದಲ ಮೂಲ್ಯಾಗಿನ ಒಂದು ಸಣ್ಣ ರೂಮಿನ್ಯಾಗ ಕುಂತು ಪೇಶಂಟ್ ನೋಡ್ತಾರಲ್ಲ, ನಮ್ ಕಡೆ ಭೂಲ್ ಕೊಡೋ ಡಾಕ್ಟ್ರು ಅಂತೀವಲ್ಲ, ಅನಸ್ತೇಶಿಯಾದವರು, ಅವರ ಬಗ್ಗೆ. ಬೆಳಗಾವಿ ದವಾಖಾನಿ ಹೆಸರು ಹಾಕಂಗಿಲ್ಲ, ಯಾಕಂದ್ರ ಹೊಗಳಿದ್ದೂ ಐತಿ ಬೈದದ್ದೂ ಐತಿ, ಹೊಗಳಿದ್ದಷ್ಟ ಓದಿದವರು ಜಾಹೀರಾತು ಅಂತೀರಿ, ಬೈದದ್ದಷ್ಟ ಓದಿದವರು ಮತ್ತೊಂದು ಅಂತೀರಿ.

ಅವ್ವಗ 58 ವರ್ಷ. ಸಣ್ಣಾಕಿದ್ದಾಗ ಗಂಟಲು ಬ್ಯಾನಿ ಬಂದು ಆಮ್ಯಾಲ ಜ್ವರ ಹತ್ತಿ ಕೀಲು ಕೀಲು ಬಾತು ಮಲಗಿದ್ದಳಂತ, ಗೋಕಾಕ ಕಡೆ ಹಳ್ಳಿ, ಆಗ ಯಾರು ನೋಡ್ಬೇಕು, ಎಣ್ಣಿ ತಿಕ್ಕಿ ಬಿಟ್ರು. ಆ ಜ್ವರ ಎದಿಯೊಳಗಿನ ವಾಲ್ವ್ ಹಾಳು ಮಾಡಿ ಹೋಗಿತ್ತು ಅಂತ ಗೊತ್ತಾಗಿದ್ದು ನನ್ನ ತಮ್ಮ ಹೊಟ್ಟಿಯಾಗಿದ್ದಾಗ, ಏಳನೇ ತಿಂಗಳದಾಗ ದಮ್ಮು ಹತ್ತಿ ರಾತ್ರಿ ಮಲಗಾಕ ಬರದ ಕುಂತ ಇರ್ತಿದ್ದಳು. ಎದಿಯ ಎಡಗಡೆ ಮ್ಯಾಲಿನ ಕೋಣಿಯಿಂದ ಕೆಳಗಿನ ಕೋಣಿಗೆ ರಕ್ತ ಬಿಡೋ ಬಾಗಿಲು, ಮೈಟ್ರಲ್ ವಾಲ್ವ್, ಬಿಗಿಯಾಗೇತಿ ಅಂದ್ರು. ಹೆರಿಗಿ ಆಗಿ ಕೆಲವು ವರ್ಷದ ಮ್ಯಾಲ, 2003 ರಾಗ, ಬೆಂಗಳೂರು ಜಯದೇವದೊಳಗ ತೊಡಿಯ ರಕ್ತನಾಳದಿಂದ ಬಲೂನ್ ಹಾಕಿ ವಾಲ್ವ್ ಅಗಲ ಮಾಡಿದ್ರು, ಎದಿ ಕೊಯ್ಲಿಲ್ಲ ಏನಿಲ್ಲ. ಅವತ್ತಿಂದ ಇಪ್ಪತ್ತು ವರ್ಷ ಆರಾಮ ಹೊಲ ಮನಿ ಮಾಡ್ಕೊಂಡು ಇದ್ದಳು. ಈಗೀಗ ಎದಿ ಡವಡವ ಅಂತೈತಿ, ನಾಡಿ ತಾಳ ತಪ್ಪಿ ಓಡ್ತೈತಿ, ಅದಕ್ಕ ಏಎಫ್ ಅಂತಾರ. ರಕ್ತ ಹೆಪ್ಪುಗಟ್ಟಬಾರದು ಅಂತ ಅಸಿಟ್ರೋಮ್ ಗುಳಿಗಿ, ನಾಡಿ ತಡ್ಯಾಕ ಮೆಟೊಪ್ರೊಲಾಲ್, ನೀರು ಇಳಿಸಾಕ ಲ್ಯಾಸಿಕ್ಸ್.

ಇಷ್ಟು ಇದ್ದಾಗ ಪಿತ್ತಕೋಶದಾಗ ಹರಳು. ತಿಂಗಳಿಗೆ ಒಂದೆರಡು ಸಲ ಹೊಟ್ಟಿ ಹಿಡ್ಕೊಂಡು ಒದ್ದಾಡೂದು.

ಮೊದಲ ಹೋಗಿದ್ದು ಬ್ಯಾರೆ ಕಡೆ, ತಾಲೂಕಿನ ಒಂದು ಸಣ್ಣ ನರ್ಸಿಂಗ್ ಹೋಮಿಗೆ. ಅಸಿಟ್ರೋಮ್ ಬಂದ್ ಮಾಡ್ರಿ, ರಾತ್ರಿ 10 ರಿಂದ ಹನಿ ನೀರೂ ಕುಡಿಬ್ಯಾಡ್ರಿ ಅಂದ್ರು. ನಾವು ಅಂದ್ರ ಹೇಳಿದಷ್ಟು ಕೇಳೂ ಮಂದಿ, ನೀರು ಬ್ಯಾಡ ಅಂದ್ರ ಗುಳಿಗಿ ಹೆಂಗ ನುಂಗೂದು, ಮುಂಜಾನಿ ಎದಿ ಗುಳಿಗಿ ಕೊಡ್ಲೇ ಇಲ್ಲ. ಟೇಬಲ್ ಮ್ಯಾಲ ಮಲಗಿಸಿ ತಂತಿ ಹಚ್ಚಿದ್ರ ಮಾನಿಟರ್‌ನ್ಯಾಗ 150, 160, ಒಮ್ಮೆ 170, ಒಂದು ಬಡಿತಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ. ಇನ್ನೂ ಭೂಲ್ ಕೊಟ್ಟಿರ್ಲಿಲ್ಲ, ಬರೇ ಅಂಜಿಕಿಗೇ ಹಂಗ ಆಗಿತ್ತು. ಬ್ಯಾರೆ ಊರಿಂದ ಬಂದಿದ್ದ ಅನಸ್ತೇಶಿಯಾ ಡಾಕ್ಟ್ರು ಹೊರಗ ಬಂದು, ನಾ ಇವರಿಗೆ ಕೊಡಂಗಿಲ್ಲರಿ, ಐಸಿಯು ಇದ್ದಲ್ಲಿ ಹೋಗ್ರಿ ಅಂದು ಬ್ಯಾಗ್ ತಗೊಂಡು ಹೊಂಟ್ರು. ಅವತ್ತು ಅವರನ್ನ ಎಷ್ಟು ಬೈದೆ ಅಂದ್ರ ಈಗ ನೆನಪಾದ್ರ ನನಗ ನಾಚಿಕಿ ಬರ್ತೈತಿ. ಊರಾಗ ಎಲ್ಲಾರ ಮುಂದ ಅಂಜುಬುರುಕ ಡಾಕ್ಟ್ರು ಅಂತ ಹೇಳ್ಕೊಂಡು ತಿರಗ್ಯಾಡೀನಿ. ಆದ್ರ ಆ ನರ್ಸಿಂಗ್ ಹೋಮಿನವರು, ಆಪರೇಶನ್ ಆಗ್ಲಿಲ್ಲ, ಅಸಿಟ್ರೋಮ್ ಮತ್ತ ಚಾಲೂ ಮಾಡ್ರಿ ಅಂತ ಒಂದು ಮಾತು ಹೇಳ್ಬೇಕಿತ್ತಲ್ಲ, ಹೇಳ್ಲಿಲ್ಲ. ನಾವೂ ಕೇಳ್ಲಿಲ್ಲ. ಹತ್ತು ದಿನ ಹಂಗ ಹೋತು.

ಆಮ್ಯಾಲ ಬೆಳಗಾವಿ. ಸರ್ಜನ್ ಎರಡು ನಿಮಿಷ ನೋಡಿ, ಸಣ್ಣ ತೂತಿನ್ಯಾಗ ಕ್ಯಾಮೆರಾ ಹಾಕಿ ದುರ್ಬೀನ್ ಆಪರೇಶನ್ ಮಾಡೂಣು, ಮೊದಲ ಪಿಎಸಿ ಮಾಡ್ಸಿಕೊಂಡು ಬರ್ರಿ ಅಂದ್ರು. ಪಿಎಸಿ ಅಂದ್ರ ಏನು, ಎಲ್ಲೈತಿ, ಯಾರೂ ಹೇಳ್ಲಿಲ್ಲ. ಅಂದ್ರ ಭೂಲ್ ಕೊಡೋ ಡಾಕ್ಟ್ರ ತಪಾಸಣಿ ಅಂತ ಆಮ್ಯಾಲ ತಿಳೀತು. ಬೋರ್ಡ್ ಮ್ಯಾಲ ಇಂಗ್ಲೀಷಿನ ಮೂರು ಅಕ್ಷರ, ಕೆಳಗ ಕನ್ನಡ ಇಲ್ಲ ಮರಾಠಿ ಇಲ್ಲ, ದಮ್ಮು ಹತ್ತೋ ಪೇಶಂಟ್‌ನ್ನ ಕರ್ಕೊಂಡು ಮೂರು ಸಲ ಸುತ್ತು ಹಾಕಿವಿ. ಒಂದು ಸ್ಟಾರ್ ಅಲ್ಲೇ ಹೋತು. ಸಿಕ್ಕ ಮ್ಯಾಲ ಪಾಳಿ, 11 ಕ್ಕ ಕುಂತವರು ಒಳಗ ಹೋಗಿದ್ದು ಎರಡೂವರಿಗೆ. ಅವ್ವ ಬುತ್ತಿ ಬಿಚ್ಚಿ ಅಲ್ಲೇ ಬಾಕಿನ ಮ್ಯಾಲ ರೊಟ್ಟಿ ಶೇಂಗಾ ಹಿಂಡಿ ತಿಂದಳು, ಬಾಜೂಕ ಕುಂತಿದ್ದ ಖಾನಾಪುರ ಕಡೆಯ ಅಜ್ಜಗೂ ಅರ್ಧ ರೊಟ್ಟಿ ಹೋತು.

ಒಳಗ ಒಬ್ಬರು ಮೇಡಂ, ವಯಸ್ಸು ನನಗಿಂತ ಕಡಿಮಿ ಇರಬಹುದು, ಅರ್ಧ ಕನ್ನಡ ಅರ್ಧ ಮರಾಠಿ. ಫೈಲ್ ತಗದು ನೋಡ್ಲಿಲ್ಲ ಮೊದಲ. ಅವ್ವನ ಮಣಿಕಟ್ಟು ಹಿಡಿದ್ರು, ಇನ್ನೊಂದು ಕೈಲೆ ಎದಿ ಮ್ಯಾಲ ಸ್ಟೆತೊಸ್ಕೋಪ್ ಇಟ್ರು, ಗಡಿಯಾರ ನೋಡ್ಕೋಂತ ಪೂರಾ ಒಂದು ನಿಮಿಷ ಸುಮ್ಮ ಇದ್ರು. ಆಮ್ಯಾಲ ಬಾಜೂಕಿನ ಹುಡುಗ ಡಾಕ್ಟ್ರನ್ನ ಕರ್ದು, ನೀ ಕೈ ಎಣಸು ನಾ ಎದಿ ಎಣಸ್ತೀನಿ ಅಂತ ಮತ್ತೊಂದು ನಿಮಿಷ. ಎದಿಯಾಗ 118, ಕೈಯಾಗ 96. ನಾ ಅಂದುಕೊಂಡೆ ಒಬ್ಬರು ತಪ್ಪು ಎಣಿಸ್ಯಾರ ಅಂತ. ಇಲ್ಲರಿ, ಇಬ್ಬರೂ ಸರಿ ಎಣಿಸ್ಯಾರ ಅಂದ್ರು ಮೇಡಂ, ಎದಿ 118 ಸಲ ಬಡದ್ರೂ ಅದರಾಗ 22 ಬಡಿತದಾಗ ರಕ್ತ ಕೈ ತನಕ ಮುಟ್ಟುವಷ್ಟು ತುಂಬೂದಿಲ್ಲ, ಖಾಲಿ ಬಡಿತ ಅವು. ಇಪ್ಪತ್ತು ವರ್ಷ ದವಾಖಾನಿ ತಿರಗೀನಿ, ಹಿಂಗ ಕೈಗೂ ಎದಿಗೂ ಲೆಕ್ಕ ಹಾಕಿ ನೋಡಿದವರು ಇವರ ಮೊದಲು.

ನಂತರ ಕೇಳಿದ್ರು, ಊರು ಯಾವುದು, ಕೆಲಸ ಏನು ಅಂತ. ಹೊಲ ಐತ್ರಿ, ಘಟಪ್ರಭಾ ಕಾಲುವಿ ನೀರು, ಕಬ್ಬು ಅಂದೆ. ಹಂಗಿದ್ರ ನಿಮಗ ತಿಳಿಸೂದು ಹಗುರ ಅಂತ ಶುರು ಮಾಡಿದ್ರು. ಕಾಲುವಿ ತೂಬಿನ ಬಾಯಿ ದೊಡ್ಡದಿದ್ರ ಅರ್ಧ ತಾಸಿನ್ಯಾಗ ನಿಮ್ಮ ಪಾಳಿ ಮುಗೀತೈತಿ, ಬಾಯಿ ಸಣ್ಣದಾದ್ರ ಅದೇ ಹೊಲ ತೋಯಾಕ ಮೂರು ತಾಸು ನೀರು ಬಿಡ್ಬೇಕು, ಹೌದಲ್ಲ? ಚಲೋ ಇರೋ ಮೈಟ್ರಲ್ ವಾಲ್ವಿನ ಬಾಯಿ 4 ರಿಂದ 6 ಚದರ ಸೆಂಟಿಮೀಟರ್. ನಿಮ್ಮ ಅವ್ವಾರದು ಹೋದ ವರ್ಷದ ಎಕೋದಾಗ, ಅಂದ್ರ ಎದಿ ಸ್ಕ್ಯಾನಿನ್ಯಾಗ, 1.6. 1.5 ಕ್ಕ ಬಂತಂದ್ರ ಭಾಳ ಬಿಗಿ ಅಂತ ಲೆಕ್ಕ, ಇವರು ಅದರ ಬಾಗಲಾಗ ನಿಂತಾರ. ಎದಿ ನಿಮಿಷಕ್ಕ 70 ಸಲ ಬಡದ್ರ ಒಂದು ಬಡಿತಕ್ಕ ಒಂದು ಸೆಕೆಂಡಿಗೆ ಸ್ವಲ್ಪ ಕಡಿಮಿ ಟೈಮ್ ಸಿಗ್ತೈತಿ, 150 ಬಡದ್ರ ಅರ್ಧ ಸೆಕೆಂಡೂ ಇಲ್ಲ, ಅದ್ರಾಗ ಕಟ್ ಆಗೂದು ರಕ್ತ ತುಂಬಿಕೊಳ್ಳೋ ಟೈಮೇ ಜಾಸ್ತಿ. ಕೆಳಗಿನ ಕೋಣಿ ತುಂಬಂಗಿಲ್ಲ, ಬಿಪಿ ಬೀಳ್ತೈತಿ, ಮ್ಯಾಲಿನ ಕೋಣಿಯೊಳಗ ಉಳಿದ ರಕ್ತ ಹಿಂದಕ್ಕ ಒತ್ತಿ ಪುಪ್ಪುಸದಾಗ ನೀರು ತುಂಬ್ತೈತಿ. ಅದಕ್ಕ ಇವರ ಎದಿ ಓಡಬಾರದು, ನಮ್ಮ ಕೆಲಸದಾಗ ಅರ್ಧ ಅದೇ ಅಂದ್ರು.

ಮತ್ತ ಭೂಲ್ ಕೊಟ್ಟ ಮ್ಯಾಲ ಮನಶಾ ಮಲಗಿರ್ತಾನಲ್ಲ, ಎದಿ ಯಾಕ ಓಡ್ತೈತಿ ಅಂತ ನಾ ಕೇಳಿದೆ. ಅದಕ್ಕ ಅವರು ಹೇಳಿದ್ದು ನನಗ ನೆನಪಿದ್ದಷ್ಟು ಬರೀತೀನಿ, ತಪ್ಪಿದ್ರ ಓದೋ ಡಾಕ್ಟ್ರುಗೋಳು ತಿದ್ದ್ರಿ. ಗಂಟಲಾಗ ನಳಿಗಿ ಹಾಕೋವಾಗ ಮೈಯೆಲ್ಲಾ ಬೆಚ್ಚಿ ಬೀಳ್ತೈತಿ, ಭೂಲ್ ಸ್ವಲ್ಪ ಹಗುರ ಆದ್ರೂ ಎದಿ ಜಿಗೀತೈತಿ. ದುರ್ಬೀನ್ ಆಪರೇಶನ್‌ನ್ಯಾಗ ಹೊಟ್ಟಿಗೆ ಗಾಳಿ ತುಂಬ್ತಾರ, ಕಾರ್ಬನ್ ಡೈಆಕ್ಸೈಡ್, ಹೊಟ್ಟಿ ಒಮ್ಮೆಲೆ ಉಬ್ಬಿದ್ರ ಎದಿ ಏಕಾಏಕಿ ನಿಧಾನ ಆಗೂದೂ ಉಂಟು, ಅದೇ ಗಾಳಿ ರಕ್ತದಾಗ ಸೇರಿದ ಮ್ಯಾಲ ಎದಿ ಜೋರಾಗೂದೂ ಉಂಟು. ಲ್ಯಾಸಿಕ್ಸ್ ತಗೊಂಡು ತಗೊಂಡು ಪೊಟ್ಯಾಶಿಯಂ ಇಳದಿರ್ತೈತಿ, ಅದು ಕಡಿಮಿ ಇದ್ದವರ ಎದಿ ತಾಳ ಬೇಗ ಕೆಡ್ತೈತಿ. ಎದಿ ನಿಧಾನ ಆದಾಗ ಕೊಡೋ ಅಟ್ರೋಪಿನ್‌ನಂಥ ಔಷಧಿ ಉಳದವರಿಗೆ ಸಾದಾ, ಇವರಿಗೆ ಒಂದು ಹನಿ ಹೆಚ್ಚಾದ್ರ ಓಟ ಶುರು. ಕೆಟಮಿನ್ ಅನ್ನೋದು ಎದಿ ಓಡಿಸ್ತೈತಿ, ಇವರಿಗೆ ಬ್ಯಾಡ. ಎಬ್ಬಿಸುವಾಗ ಮತ್ತ ಅದೇ ಪಾಡು, ಕೆಮ್ಮು, ನಡುಕ, ಬ್ಯಾನಿ.

ನನ್ನ ಹಿಂದ ಬುತ್ತಿ ಹಂಚ್ಕೊಂಡಿದ್ದ ಆ ಅಜ್ಜ ಕುಂತಿದ್ದ, ಹರ್ನಿಯಾ ಆಪರೇಶನ್‌ಗೆ ಬಂದಿದ್ದ, ಅವಗ ಎದಿಯಿಂದ ಮೈಗೆ ರಕ್ತ ಬಿಡೋ ಅಯಾರ್ಟಿಕ್ ವಾಲ್ವ್ ಬಿಗಿ. ಅವನ ಮಗ, ನಮ್ಮ ಅಪ್ಪಗ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮುಗಿಸ್ರಿ, ಪೂರಾ ಭೂಲ್ ಯಾಕ ಅಂತ ಕೇಳ್ದ. ಎಲ್ಲಾರೂ ಹಂಗ ತಿಳ್ಕೋತೀವಿ, ಬೆನ್ನಿನ ಇಂಜೆಕ್ಷನ್ ಅಂದ್ರ ಸಣ್ಣದು ಅಂತ. ಮೇಡಂ ಅಂದ್ರು, ಬೆನ್ನಿಗೆ ಕೊಟ್ರ ಸೊಂಟದ ಕೆಳಗಿನ ರಕ್ತನಾಳ ಒಮ್ಮೆಲೆ ಸಡಲಾಗಿ ಬಿಪಿ ದಪ್ಪಂತ ಬೀಳ್ತೈತಿ, ಬಿಗಿ ವಾಲ್ವಿನವರಿಗೆ ಬಿದ್ದ ಬಿಪಿ ಎತ್ತೂದು ಕಷ್ಟ, ಅಯಾರ್ಟಿಕ್ ಬಿಗಿ ಇದ್ದವರ ಎದಿ ನಿಂತ್ರ ಎದಿ ಒತ್ತಿದ್ರೂ ಆ ಸಣ್ಣ ಬಾಯಾಗಿಂದ ರಕ್ತ ಹೊರಗ ಬರೂದು ಕಡಿಮಿ. ಅವರಿಗೆ ತಾಳನೂ ತಪ್ಪಬಾರದು, ಮ್ಯಾಲಿನ ಕೋಣಿ ಕೊನಿಗೊಮ್ಮೆ ಹಿಂಡಿ ಕೊಡೋ ರಕ್ತದ ಮ್ಯಾಲ ಅವರ ಎದಿ ಭಾಳ ನಂಬ್ಕೊಂಡಿರ್ತೈತಿ, ಏಎಫ್ ಆತಂದ್ರ ಆ ಹಿಂಡೂದ ನಿಂತು ಹೋಗ್ತೈತಿ. ಇನ್ನ ವಾಲ್ವ್ ಬಿಗಿ ಇಲ್ಲದ ಬರೇ ಸೋರ್ತಿದ್ರ ಲೆಕ್ಕ ಉಲ್ಟಾ, ಅವರಿಗೆ ಎದಿ ಸ್ವಲ್ಪ ಜೋರ ಇದ್ರ ಚಲೋ, 80 ರ ಮ್ಯಾಲ, ನಿಧಾನ ಆದ್ರ ಹಿಂದಕ್ಕ ಸೋರಾಕ ಜಾಸ್ತಿ ಟೈಮ್ ಸಿಗ್ತೈತಿ. ಅದಕ್ಕ ಪಕ್ಕದ ಮನ್ಯಾಗ ಹಾರ್ಟ್ ಪೇಶಂಟ್‌ಗೆ ಏನ್ ಕೊಟ್ರು ಅನ್ನೂದು ನಿಮಗ ಲಾಗೂ ಇಲ್ಲ, ಎಕೋ ರಿಪೋರ್ಟ್ ನೋಡದ ನಾ ಬಾಯಿ ತಗ್ಯಾಂಗಿಲ್ಲ ಅಂದ್ರು.

ಆಮ್ಯಾಲ ಗುಳಿಗಿ ಚೀಲ ಬಿಚ್ಚಿದ್ರು. ಅಸಿಟ್ರೋಮ್ ಎಲ್ಲೈತಿ? ನಿಲ್ಲಿಸೀವಿ ಅಂದೆ. ಯಾವಾಗಿಂದ? ಹತ್ತು ದಿನ. ಅಲ್ಲಿ ತನಕ ಶಾಂತ ಇದ್ದ ಹೆಣ್ಣಮಗಳು ಪೆನ್ ಇಟ್ಟು ನನ್ನ ಮಾರಿ ನೋಡಿದ್ರು ನೋಡ್ರಿ. ತಾಳ ತಪ್ಪಿದ ಎದಿಯ ಮ್ಯಾಲಿನ ಕೋಣಿಯಾಗ ರಕ್ತ ನಿಂತಲ್ಲೇ ನಿಂತು ಹೆಪ್ಪಾಗ್ತೈತಿ, ಅದು ಮೆದುಳಿಗೆ ಹೋದ್ರ ಲಕ್ವಾ. ನಾ ಸ್ವಲ್ಪ ಶಾಣ್ಯಾತನ ಮಾಡಾಕ ಹೋಗಿ, ಈಗ ಐಎನ್‌ಆರ್ ಅಂತ ರಕ್ತ ಹೆಪ್ಪುಗಟ್ಟೂದರ ಟೆಸ್ಟ್ ನೋಡೂದ ಬ್ಯಾಡ ಅನ್ನೋ ಹೊಸ ಗುಳಿಗಿ ಬಂದಾವಂತಲ್ರಿ ಅಂದೆ. ಬಂದಾವ, ಆದ್ರ ಕೀಲುಬಾವಿನ ಜ್ವರದಿಂದ ಬಿಗಿಯಾದ ಮೈಟ್ರಲ್ ವಾಲ್ವ್ ಜತಿಗೆ ಏಎಫ್ ಇದ್ದವರಿಗೆ ಅಸಿಟ್ರೋಮ್ ಜಾತಿಯ ಹಳೇದ ಬೇಕು, 2022 ರಾಗ ಇನ್ವಿಕ್ಟಸ್ ಅಂತ ದೊಡ್ಡ ಟ್ರಯಲ್ ಬಂತು, ಹೊಸ ಜಾತಿಯ ರಿವರಾಕ್ಸಬಾನ್‌ಗಿಂತ ಹಳೇ ಜಾತಿ ಗುಳಿಗಿ ತಗೊಂಡವರೇ ಚಲೋ ಉಳದಾರ ಅಂತ ಬಾಯಿ ಮುಚ್ಚಿಸಿದ್ರು.

ಆಪರೇಶನ್ ಮೂರು ವಾರ ಮುಂದಕ್ಕ. ನನಗ ತಲಿ ಕೆಟ್ಟು ಹೋತು. ತಮ್ಮ ಪುಣೆಯಿಂದ ರಜಾ ಹಾಕಿ ಬಂದಾನ, ಹೊಲದಾಗ ಕೆಲಸ ನಿಂತೈತಿ, ಹೋಗಿ ಬರೂದು ಅಂದ್ರ ಎರಡು ತಾಸಿನ ಬಸ್ಸು, ಎಲ್ಲಾ ಅವರ ಮುಂದ ಒದರಿದೆ. ಅವರು ಕೇಳಿದ್ದು ಇಷ್ಟ: ಈಗ ಜ್ವರ ಐತೇನ್ರಿ, ಕಣ್ಣು ಹಳದಿ ಆಗ್ಯಾವೇನ್ರಿ, ಬ್ಯಾನಿ ಬಿಡದ ಹಿಡದೈತೇನ್ರಿ? ಇಲ್ಲ ಅಂದೆ. ಹಂಗಿದ್ರ ಹರಳು ಕಾಯ್ತೈತಿ, ಇವು ಮೂರರಾಗ ಒಂದು ಬಂತಂದ್ರ ರಾತ್ರಿ ಇರಲಿ ಹಗಲ ಇರಲಿ ಕ್ಯಾಜುವಲ್ಟಿಗೆ ಬರ್ರಿ, ಆಗ ಕಾಯೂದಿಲ್ಲ. ನನ್ನ ಸಿಟ್ಟಿಗೆ ಸಿಟ್ಟು ಮಾಡ್ಲಿಲ್ಲ, ಸೌಮ್ಯ ಮಾತಿನ್ಯಾಗ ಬಗ್ಗಲೂ ಇಲ್ಲ.

ಆ ಮೂರು ವಾರದಾಗ ಆಗಿದ್ದು: ರಕ್ತ ತಪಾಸಣಿ, ಪೊಟ್ಯಾಶಿಯಂ 3.1 ಬಂತು, 4 ರ ಮ್ಯಾಲ ತರಬೇಕು ಅಂತ ಸಿರಪ್, ಅದರ ರುಚಿ ಬಗ್ಗೆ ಅವ್ವ ಹೇಳಿದ್ದನ್ನ ಇಲ್ಲಿ ಬರ್ಯಾಕ ಬರಂಗಿಲ್ಲ. ಥೈರಾಯ್ಡ್ ನೋಡಿದ್ರು, ಅದು ಜಾಸ್ತಿ ಇದ್ರೂ ಎದಿ ಓಡ್ತೈತಂತ, ಅದು ಬರೋಬರಿ ಇತ್ತು. ಹೊಸಾ ಎಕೋ, ಹಾರ್ಟ್ ಡಾಕ್ಟ್ರು ವಾಲ್ವ್ ಇದ್ದಷ್ಟ ಐತಿ, ಆಪರೇಶನ್ ಮೊದಲ ಮತ್ತ ಬಲೂನ್ ಬ್ಯಾಡ ಅಂದ್ರು, ಮೆಟೊಪ್ರೊಲಾಲ್ ಏರಿಸಿದ್ರು. ಅಸಿಟ್ರೋಮ್ ಮತ್ತ ಚಾಲೂ, ಕಡೀಕ ನಿಲ್ಲಿಸಿದಾಗ ಅದರ ಬದಲಿ ಹೊಟ್ಟಿಗೆ ಚುಚ್ಚೋ ಹೆಪರಿನ್ ಇಂಜೆಕ್ಷನ್ ದಿನಕ್ಕ ಎರಡು, ಕೊನೇದು ಆಪರೇಶನ್ 24 ತಾಸು ಮೊದಲ. ಒಂದು ಹಾಳ್ಯಾಗ ತಾರೀಖು ಹಾಕಿ ಯಾವ ದಿನ ಯಾವ ಗುಳಿಗಿ ಅಂತ ಕನ್ನಡದಾಗ ಬರ್ದು ಕೊಟ್ಟಿದ್ರು, ಕೈಯಕ್ಷರ ಕಾಗಿ ಕಾಲಿದ್ದಂಗ ಇತ್ತು, ಆದ್ರ ಕನ್ನಡ. ಅದ್ರಾಗ ಆಪರೇಶನ್ ದಿನದ ಸಾಲಿನ ಕೆಳಗ ಎರಡು ಗೆರಿ ಎಳದಿದ್ರು: ಮುಂಜಾನಿ ಎದಿ ಗುಳಿಗಿ ಒಂದು ಗುಟುಕು ನೀರಾಗ ತಗೋಬೇಕು. ಮರೀಬ್ಯಾಡ್ರಿ. ನರ್ಸಿಂಗ್ ಹೋಮಿನ್ಯಾಗ ಯಾರೂ ಹೇಳದ ಬಿಟ್ಟಿದ್ದು ಈ ಒಂದು ಗುಟುಕು.

ಆಪರೇಶನ್ ದಿನ ಮುಂಜಾನಿ ಎದಿ 74, ಐಎನ್‌ಆರ್ 1.2. ಒಳಗ ಹೋಗೋ ಮೊದಲ ಮೇಡಂ ಬಂದು ಏನೇನು ಮಾಡ್ತೀವಿ ಅಂತ ಅವ್ವಗ ಹೇಳಿದ್ರು, ನನಗಲ್ಲ, ಅವ್ವಗ. ಮಲಗಿಸೋ ಮೊದಲ ಕೈ ನಾಡಿಯೊಳಗ ಸಣ್ಣ ನಳಿಗಿ ಹಾಕ್ತೀವ್ರಿ ಅಕ್ಕಾರ, ಬಿಪಿ ಬಡಿತ ಬಡಿತಕ್ಕ ಕಾಣಸ್ತೈತಿ, ಎದಿ ಮ್ಯಾಲ ಎರಡು ಅಂಟಿನ ಪಟ್ಟಿ ಹಚ್ತೀವಿ, ಅಗತ್ಯ ಬಿದ್ರ ಅದರಿಂದ ಶಾಕ್ ಕೊಟ್ಟು ತಾಳ ಸರಿ ಮಾಡಾಕ, ಬಹುಶಃ ಬೇಕಾಗಂಗಿಲ್ಲ. ಅವ್ವ ಕೇಳಿದಳು, ಕರೆಂಟ್ ಹೋದ್ರ? ನಕ್ಕು, ಅದರಾಗ ಬ್ಯಾಟರಿ ಐತ್ರಿ ಅಂದ್ರು.

ಹೊರಗ ನಾವು ಒಂದೂವರಿ ತಾಸು. ಮುಗಿದ ಮ್ಯಾಲ ಸರ್ಜನ್ ಬಂದು ಒಂದು ಡಬ್ಬ್ಯಾಗ ಹರಳು ತೋರಿಸಿ, ಆತ್ರಿ ಅಂದು ಹೋದ್ರು. ಮೇಡಂ ಹತ್ತು ನಿಮಿಷದ ಮ್ಯಾಲ ಬಂದ್ರು, ಟೊಪ್ಪಿಗಿ ಇನ್ನೂ ತಲಿ ಮ್ಯಾಲ ಇತ್ತು, ಮುಚ್ಚಿಡದ ಎಲ್ಲಾ ಹೇಳಿದ್ರು. ಹೊಟ್ಟಿಗೆ ಗಾಳಿ ತುಂಬಿದ ಕೂಡ್ಲೇ ಎದಿ 42 ಕ್ಕ ಇಳೀತು, ಸರ್ಜನ್ನರಿಗೆ ಗಾಳಿ ಹೊರಗ ಬಿಡ್ರಿ ಅಂದೆ, ಬಿಟ್ರು, ಔಷಧಿ ಇಲ್ಲದ ತಾನ ಏರಿತು, ಆಮ್ಯಾಲ ಕಡಿಮಿ ಒತ್ತಡದಾಗ ನಿಧಾನ ತುಂಬಿದ್ರು. ನಡುವ ಒಮ್ಮೆ ಬಿಪಿ ಇಳದಾಗ ಎದಿ ಓಡಿಸದ ಬಿಪಿ ಏರಸೋ ಔಷಧಿ, ಫಿನೈಲೆಫ್ರಿನ್, ಅದನ್ನ ಕೊಟ್ಟೆ. ನಳಿಗಿ ತಗದ ಮ್ಯಾಲ 130 ಕ್ಕ ಹೋತು, ಎಸ್ಮೊಲಾಲ್ ಅಂತ ಐತಿ, ನಿಮಿಷದಾಗ ಹಿಡ್ಯೂದು ನಿಮಿಷದಾಗ ಇಳ್ಯೂದು, ಕೊಟ್ಟೆ, ಈಗ 88. ಪಟ್ಟಿ ಬಳಸ್ಲಿಲ್ಲ. ಒಂದು ರಾತ್ರಿ ಐಸಿಯು, ಓಟ ಮತ್ತ ಶುರು ಆಗೂದು ಇವತ್ತು ನಾಳೆನೇ ಜಾಸ್ತಿ, ವಾರ್ಡಿಗೆ ಗಡಿಬಿಡಿ ಮಾಡಬ್ಯಾಡ್ರಿ. ನಾ ಆಗ ಲೆಕ್ಕ ಹಾಕಿದೆ, ಅವತ್ತು ನರ್ಸಿಂಗ್ ಹೋಮಿನ್ಯಾಗ 160 ಇದ್ದಾಗ ಹಂಗ ಮುಂದ ಹೋಗಿದ್ರ ಅಂತ. ಆ ಬ್ಯಾಗ್ ತಗೊಂಡು ಹೊಂಟಿದ್ದ ಡಾಕ್ಟ್ರ ಮಾರಿ ನೆನಪಾತು.

ಈಗ ಬಯ್ಯೂದು. ಬಿಲ್ ಕೌಂಟರ್: ಫೈಲ್ ಒಂದ, ಕೌಂಟರ್ ನಾಕು, ಒಬ್ಬರ ಕಡೆಯಿಂದ ಇನ್ನೊಬ್ಬರ ಕಡೆ ಕಳಸೂದೇ ಕೆಲಸ, ಡಿಸ್ಚಾರ್ಜ್ ಅಂತ ಮುಂಜಾನಿ 10 ಕ್ಕ ಬರ್ದು ಹೊರಗ ಬಿಟ್ಟಿದ್ದು ಸಂಜಿ 6 ಕ್ಕ. ಎಬ್ಬಿಸೋ ಇಂಜೆಕ್ಷನ್‌ನ್ಯಾಗ ಎದಿ ಓಡಿಸದ ತುಟ್ಟಿ ಜಾತಿದು ಐತಿ, ಸುಗಮಾಡೆಕ್ಸ್, ಅದು ಬೇಕು ಅಂತ ಮೇಡಂ ಮೊದಲ ಹೇಳಿ ಒಪ್ಪಿಗಿ ತಗೊಂಡಿದ್ರು, ಅದಕ್ಕ ನನ್ನ ತಕರಾರ ಇಲ್ಲ, ಆದ್ರ ಬಿಲ್‌ನ್ಯಾಗ ಅದು ಎರಡು ಸಲ ಬಿದ್ದಿತ್ತು, ನಾ ಸಾಲು ಸಾಲು ಓದಿ ತಗಸಿದೆ, ನೀವೂ ಓದ್ರಿ. ಕ್ಯಾಂಟೀನ್ ಚಹಾ ಬಿಸಿನೀರಿಗೆ ಬಣ್ಣ ಹಾಕಿದ್ದು, ಗೇಟಿನ ಹೊರಗ ಗಾಡಿ ಮ್ಯಾಲ ಕುಡೀರಿ. ಗಾಡಿ ನಿಲ್ಲಸಾಕ ಜಾಗ ಇಲ್ಲ. ಅನಸ್ತೇಶಿಯಾ ಚಾರ್ಜ್ ಅಂತ ಬಿಲ್‌ನ್ಯಾಗ ಒಂದು ಸಾಲು ಇತ್ತು, ಐಸಿಯು ಹಾಸಿಗಿ ಬಾಡಿಗಿಕಿಂತ ಕಡಿಮಿ ಇತ್ತು, ಓದಿ ನನಗ ಹೆಂಗೋ ಆತು.

ಹೋಗೋವ್ರಿಗೆ: ಮುಂಜಾನಿ 9 ರ ಒಳಗ ಹೋಗಿ ಚೀಟಿ ತಗೋರಿ, ಇಲ್ಲಾಂದ್ರ ನಮ್ಮಂಗ ಎರಡೂವರಿ. ಗುಳಿಗಿ ಹೆಸರು ಬಾಯಿಲೆ ಹೇಳೂದು ಬ್ಯಾಡ, ಪಾಕೀಟ ಸಹಿತ ಚೀಲ ಒಯ್ರಿ. ಹಳೇ ಎಕೋ ರಿಪೋರ್ಟ್ ಎಲ್ಲಾ ಒಯ್ರಿ, ನಮ್ಮದು 2003 ರ ಬಲೂನ್ ಕಾಗದ ಟ್ರಂಕಿನ್ಯಾಗ ಕುಬಸದ ಕೆಳಗ ಸಿಕ್ಕಿತು, ಮೇಡಂ ಅದನ್ನ ನೋಡಿ ಭಾಳ ಖುಷಿ ಆದ್ರು, ಝೆರಾಕ್ಸ್ ಮಾಡಿಸ್ಕೊಂಡ್ರು. ಕುಂತು ಕೇಳಾಕ ಯಾರರ ಒಬ್ಬರು ಶಾಂತ ಇರೋರನ್ನ ಕರ್ಕೊಂಡು ಹೋಗ್ರಿ, ನನ್ನಂಥವರನ್ನಲ್ಲ.

ಖಾನಾಪುರದ ಅಜ್ಜನ ಹರ್ನಿಯಾ ಮೊದಲ ಮಾಡ್ಲಿಲ್ಲಂತ, ವಾಲ್ವ್ ಡಾಕ್ಟ್ರ ಕಡೆ ಕಳಿಸ್ಯಾರ, ಮಗ ಫೋನ್ ಮಾಡಿ ಹೇಳ್ದ, ಸಿಟ್ಟಿನ್ಯಾಗ ಇದ್ದ. ನಾನೂ ಹಂಗ ಇದ್ದೆ ಅಂತ ಹೇಳಿದೆ, ಕೇಳೂ ಮನಸ್ಸಿನ್ಯಾಗ ಇರ್ಲಿಲ್ಲ ಅವ.

ಟಾಕಿ ಬಿಚ್ಚಸಾಕ ಹೋದಾಗ ಅವ್ವ ಗೋಕಾಕ ಕರದಂಟು ಅರ್ಧ ಕಿಲೋ ಕಟ್ಟಿಸ್ಕೊಂಡು ಒಯ್ದಿದ್ದಳು ಮೇಡಂಗ ಅಂತ. ಅವರು ಓಟಿಯೊಳಗ ಇದ್ರು, ಒಂದು ತಾಸು ಕಾದ್ವಿ, ಬರ್ಲಿಲ್ಲ, ಹೊರಗಿನ ಸಿಸ್ಟರ್ ಕೈಯಾಗ ಕೊಟ್ಟು ಬಸ್ ಹಿಡಿದ್ವಿ. ಮುಟ್ಟಿತೋ ಇಲ್ಲೋ ಅಂತ ಅವ್ವ ಇನ್ನೂ ಕೇಳ್ತಾಳ.